ಮಾಳಿಗೆಯ ಹಾರ್ನ್‌ನಲ್ಲಿ ಹೈಡ್ರೋಜನ್ ಕೇಳಿಸಿತು. 78 ಮೆಗಾಹರ್ಟ್ಸ್‌ನ ಹಳೆಯ ಹೈಡ್ರೋಜನ್ ಏಕೆ ಕೇಳಿಸುವುದಿಲ್ಲ?

ತಗಡಿನ ಕಿವಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆಗೆ ಮುನ್ನ ಸ್ವಲ್ಪ ಹಿನ್ನೆಲೆ ಹೇಳಬೇಕು, ಇಲ್ಲದಿದ್ದರೆ ನನ್ನ ಗೊಂದಲ ಎಲ್ಲಿ ಹುಟ್ಟಿತೆಂದು ತಿಳಿಯುವುದಿಲ್ಲ.

ಕಳೆದ ವರ್ಷ ಮಾಳಿಗೆಯ ಮೇಲೆ ಒಂದು ಹಾರ್ನ್ ಆಂಟೆನಾ ಕಟ್ಟಿದೆ. ದಪ್ಪ ರಟ್ಟಿನ ನಾಲ್ಕು ಹಾಳೆ, ಒಳಮೈಗೆಲ್ಲ ಅಲ್ಯೂಮಿನಿಯಂ ಅಂಟುಪಟ್ಟಿ, ಹಿಂಬದಿಗೆ ಖಾಲಿಯಾದ ಥಿನ್ನರ್ ಡಬ್ಬ, ಡಬ್ಬದೊಳಗೆ 5.3 ಸೆಂಟಿಮೀಟರ್ ಉದ್ದದ ತಾಮ್ರದ ಕಡ್ಡಿ. ಹೈಡ್ರೋಜನ್ ಹೊಮ್ಮಿಸುವ ಅಲೆಯ ಉದ್ದ 21.1 ಸೆಂಟಿಮೀಟರ್, ಕಡ್ಡಿ ಅದರ ಕಾಲು ಭಾಗ. ಡಬ್ಬದ ಬೆನ್ನಿಗೇ ಒಂದು ಆಂಪ್ಲಿಫೈಯರ್, ಅಲ್ಲಿಂದ ಕೇಬಲ್, ಕೊನೆಗೆ ಟಿವಿ ನೋಡಲೆಂದು ತಯಾರಾದ ಬೆರಳುದ್ದದ ಯುಎಸ್‌ಬಿ ಡಾಂಗಲ್.

ಮೊದಲ ರಾತ್ರಿಯೇ 1420.406 ಮೆಗಾಹರ್ಟ್ಸ್‌ನಲ್ಲಿ ಸೂಜಿಯಂತೆ ನಿಂತ ಗೆರೆ ಕಂಡಿತು. ಪುಸ್ತಕದಲ್ಲಿ ಹೇಳಿದ ಜಾಗ, ಒಂದು ಕೂದಲೆಳೆಯೂ ಆಚೀಚೆ ಇಲ್ಲ. ನಾನು ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ. ಎರಡು ದಿನ ಆ ಸಂಭ್ರಮ ನಡೆಯಿತು. ಮೂರನೆಯ ದಿನ ಡಾಂಗಲನ್ನು ಬೇರೆ ಕಾರಣಕ್ಕೆ 1420.0ಕ್ಕೆ ತಿರುಗಿಸಿದಾಗ ಸೂಜಿಯೂ ನನ್ನ ಹಿಂದೆಯೇ 1420.0ಕ್ಕೆ ಬಂದು ನಿಂತಿತು. ಅದು ಹೈಡ್ರೋಜನ್ ಆಗಿರಲಿಲ್ಲ, ಡಾಂಗಲ್ ತಾನು ನೋಡುತ್ತಿರುವ ಆವರ್ತನ ಪಟ್ಟಿಯ ನಟ್ಟನಡುವೆ ತಾನೇ ಹುಟ್ಟಿಸಿಕೊಳ್ಳುವ ಗೆರೆ. ಯಾವ ಆವರ್ತನಕ್ಕೆ ಹೋದರೂ ಅದು ನಡುವೆಯೇ ಇರುತ್ತದೆ. ಮನೆಯವರಿಗೆ ಇದನ್ನು ಹೇಳಲು ಇನ್ನೂ ಎರಡು ದಿನ ತೆಗೆದುಕೊಂಡೆ.

ನಿಜವಾದ ಹೈಡ್ರೋಜನ್ ಸಿಕ್ಕಿದ್ದು ಆಮೇಲೆ. ಅದು ಸೂಜಿಯಲ್ಲ, ಅಗಲವಾದ ಉಬ್ಬು. ಹಾರ್ನ್ ಮುಂದೆ ಕ್ಷೀರಪಥ ಹಾದುಹೋಗುವಾಗ ಏಳುತ್ತದೆ, ದಾಟಿದ ಮೇಲೆ ಇಳಿಯುತ್ತದೆ. ಪ್ರತಿದಿನ ನಾಲ್ಕು ನಿಮಿಷ ಮುಂಚೆ ಬರುತ್ತದೆ, ನಕ್ಷತ್ರಗಳ ಹಾಗೆಯೇ. ಹಂಸ ರಾಶಿಯ ಕಡೆ ತಿರುಗಿಸಿದಾಗ ಒಂದು ಉಬ್ಬಿನ ಪಕ್ಕ ಇನ್ನೊಂದು ಕಾಣಿಸಿತು, ಬೇರೆ ವೇಗದಲ್ಲಿ ಚಲಿಸುವ ಇನ್ನೊಂದು ಸುರುಳಿತೋಳು. ನಾಲ್ಕು ನಿಮಿಷದ ಲೆಕ್ಕ ಒಂದು ವಾರ ತಪ್ಪದೆ ಬಂದ ಮೇಲೆಯೇ ನಾನು ನಂಬಿದ್ದು.

ಈಗ ಪ್ರಶ್ನೆ. ವಿಶ್ವ ಹಿಗ್ಗುತ್ತಾ ಬಂದಿರುವುದರಿಂದ ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ನಿನ ಅಲೆ ಹದಿನೆಂಟು ಪಟ್ಟು ಹಿಗ್ಗಿ 3.8 ಮೀಟರ್ ಆಗಿ, 78 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಬರುತ್ತದೆ ಎಂದು ಓದಿದೆ. ನನ್ನ ಡಾಂಗಲ್ 78ಕ್ಕೂ ತಿರುಗುತ್ತದೆ. ಹಾರ್ನ್ ಬದಲು ಒಂದು ಜೋಡಿ ಸರಳು ಸಾಕು. ಹಾಗಿದ್ದರೆ ಕಷ್ಟ ಎಲ್ಲಿದೆ? 2018ರಲ್ಲಿ ಒಂದು ತಂಡ ಸಿಕ್ಕಿತು ಎಂದಿತು, 2022ರಲ್ಲಿ ಇನ್ನೊಂದು ತಂಡ ಅದಲ್ಲ ಎಂದಿತು. ಯಾರನ್ನು ನಂಬಬೇಕು? ಇನ್ನೊಂದು ಅನುಮಾನ: ನನಗೆ ಕಂಡದ್ದು ಉಬ್ಬು, ಅವರು ಹೇಳುತ್ತಿರುವುದು ತಗ್ಗು. ಅದೇ ಹೈಡ್ರೋಜನ್ ಅಲ್ಲಿ ತಗ್ಗಾದದ್ದು ಹೇಗೆ?

ಬೆಳ್ಳಿಚುಕ್ಕಿ:

ಆ ಆವರ್ತನದಲ್ಲಿ ನಮ್ಮ ಗೆಲಾಕ್ಸಿಯ ರೇಡಿಯೋ ಗದ್ದಲ ಹೈಡ್ರೋಜನ್ನಿಗಿಂತ ಸಾವಿರಾರು ಪಟ್ಟು ಹೆಚ್ಚು. ಅಷ್ಟು ಕ್ಷೀಣವಾದದ್ದನ್ನು ಹಿಡಿಯಲು ಬಹಳ ದೊಡ್ಡ ಆಂಟೆನಾ ಬೇಕು, ಮಾಳಿಗೆಯ ಮೇಲೆ ಆಗದು.

ಐವತ್ತು ಓಮ್:

ಬೆಳ್ಳಿಚುಕ್ಕಿ ಅವರೇ, ನಿಮ್ಮ ಮೊದಲ ವಾಕ್ಯ ಸರಿ, ಎರಡನೆಯದು ಅಲ್ಲ. ತಪ್ಪು ಎಲ್ಲಿದೆಯೋ ಅಲ್ಲೇ ಈ ವಿಷಯದ ತಿರುಳಿದೆ, ಹಾಗಾಗಿ ಉದ್ದಕ್ಕೆ ಬರೆಯುತ್ತೇನೆ. ನಾನು ಖಗೋಳ ವಿಜ್ಞಾನಿಯಲ್ಲ. ಇಪ್ಪತ್ತೆರಡು ವರ್ಷ ರಿಸೀವರ್‌ಗಳನ್ನು ಪರೀಕ್ಷಿಸುವ ಬೆಂಚಿನ ಮುಂದೆ ಕುಳಿತವಳು. ಅಲ್ಲಿಂದ ಕಾಣುವಷ್ಟನ್ನು ಹೇಳುತ್ತೇನೆ.

ಮೊದಲು ದೊಡ್ಡ ಆಂಟೆನಾದ ಮಾತು. ಒಂದು ಪುಟ್ಟ ಮೂಲವನ್ನು ನೋಡುವಾಗ ಆಂಟೆನಾ ದೊಡ್ಡದಿದ್ದಷ್ಟೂ ಒಳ್ಳೆಯದು. ಇಲ್ಲಿ ನೋಡಬೇಕಾದದ್ದು ಇಡೀ ಆಕಾಶ. ಹೈಡ್ರೋಜನ್ ಎಲ್ಲ ದಿಕ್ಕಿನಿಂದಲೂ ಬರುತ್ತಿದೆ. ಆಂಟೆನಾ ಮೇಜಿನಷ್ಟಿದ್ದರೂ ಅದರ ನೋಟ ಆಕಾಶದಿಂದ ತುಂಬಿರುತ್ತದೆ, ಅದು ಅಳೆಯುವ ತಾಪಮಾನ (ರೇಡಿಯೋದಲ್ಲಿ ಅಲೆಯ ಬಲವನ್ನು ಹೀಗೆ ಕೆಲ್ವಿನ್‌ನಲ್ಲಿ ಹೇಳುವುದು ವಾಡಿಕೆ) ದೊಡ್ಡ ಆಂಟೆನಾ ಅಳೆಯುವಷ್ಟೇ ಇರುತ್ತದೆ. 78 ಮೆಗಾಹರ್ಟ್ಸ್‌ನಲ್ಲಿ, ಗೆಲಾಕ್ಸಿಯ ದಟ್ಟ ಭಾಗ ಕೆಳಗಿಳಿದಿರುವಾಗಲೂ, ಅದು ಸುಮಾರು 1600 ಕೆಲ್ವಿನ್. ಸರಾಸರಿ ತೆಗೆಯುತ್ತಾ ಹೋದರೆ ಅಳತೆಯ ತುಯ್ದಾಟ ಎಷ್ಟು ಬೇಗ ತಗ್ಗುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ: ಪಟ್ಟಿಯ ಅಗಲವನ್ನು ಸಮಯದಿಂದ ಗುಣಿಸಿ, ವರ್ಗಮೂಲ ತೆಗೆದು, ಅದರಿಂದ ಆ 1600ನ್ನು ಭಾಗಿಸಿ. 1 ಮೆಗಾಹರ್ಟ್ಸ್ ಅಗಲ, 1000 ಸೆಕೆಂಡು ಎಂದಿಟ್ಟುಕೊಂಡರೆ 0.05 ಕೆಲ್ವಿನ್ ಬರುತ್ತದೆ. 2018ರಲ್ಲಿ ಹೇಳಿದ ತಗ್ಗಿನ ಆಳ 0.5 ಕೆಲ್ವಿನ್. ಅಂದರೆ ಹದಿನೇಳು ನಿಮಿಷದಲ್ಲಿ ತುಯ್ದಾಟ ಆ ತಗ್ಗಿನ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹೈಡ್ರೋಜನ್ ಕೇಳಿಸುವುದಿಲ್ಲ ಎಂಬುದು ಸುಳ್ಳು. ಅದು ನಿಮ್ಮ ಸರಳಿನೊಳಗೆ ಈಗಲೂ ಹರಿಯುತ್ತಿದೆ. ಕೇಳಿಸುತ್ತಿರುವುದರಲ್ಲಿ ಯಾವುದು ಹೈಡ್ರೋಜನ್, ಯಾವುದು ನಿಮ್ಮ ಕೇಬಲ್ ಎಂದು ಹೇಳಲು ಬರುವುದಿಲ್ಲ, ಕಷ್ಟ ಅಷ್ಟೇ.

ಕೇಬಲ್ ಎಂದದ್ದು ತಮಾಷೆಗಲ್ಲ. ಆಂಟೆನಾ ತನಗೆ ಸಿಕ್ಕಿದ್ದನ್ನೆಲ್ಲ ಕೇಬಲ್ಲಿಗೆ ದಾಟಿಸುವುದಿಲ್ಲ. ಎಲ್ಲ ಜೋಡಣೆಯಲ್ಲೂ ಒಂದು ಪಾಲು ಹಿಂದಕ್ಕೆ ಪುಟಿಯುತ್ತದೆ. ಆಂಪ್ಲಿಫೈಯರ್‌ನಿಂದ ಪುಟಿದದ್ದು ಆಂಟೆನಾಕ್ಕೆ ಹೋಗಿ, ಅಲ್ಲಿಂದ ಮತ್ತೆ ಪುಟಿದು, ತಡವಾಗಿ ಬಂದು ಮೂಲ ಅಲೆಯೊಂದಿಗೆ ಸೇರುತ್ತದೆ. ಕೆಲವು ಆವರ್ತನದಲ್ಲಿ ಎರಡೂ ಕೂಡುತ್ತವೆ, ಕೆಲವದರಲ್ಲಿ ಕಳೆಯುತ್ತವೆ. ಗ್ರಾಫಿನಲ್ಲಿ ಅಲೆಅಲೆಯಾದ ಏರಿಳಿತ ಮೂಡುತ್ತದೆ. ಎರಡೂ ತುದಿ ಹತ್ತರಲ್ಲೊಂದು ಪಾಲು ಪುಟಿಸಿದರೆ (ಅದು ಕೆಟ್ಟ ಜೋಡಣೆಯೇನಲ್ಲ) 1600 ಕೆಲ್ವಿನ್ ಆಕಾಶದ ಮೇಲೆ ಏರಿಳಿತ 32 ಕೆಲ್ವಿನ್. ನೀವು ಹುಡುಕುತ್ತಿರುವುದು 0.5. ಇನ್ನು ಅಗಲ: ಕೇಬಲ್ಲಿನೊಳಗೆ ಅಲೆ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಹತ್ತು ಮೀಟರ್ ಕೇಬಲ್ಲಾದರೆ ಏರಿಳಿತದ ಒಂದು ಸುತ್ತು 10 ಮೆಗಾಹರ್ಟ್ಸ್, ಐದು ಮೀಟರಾದರೆ 20. ಆ ತಂಡ ವರದಿ ಮಾಡಿದ ತಗ್ಗಿನ ಅಗಲ 19 ಮೆಗಾಹರ್ಟ್ಸ್. ಅವರ ಆಂಪ್ಲಿಫೈಯರ್ ಆಂಟೆನಾದ ಕೆಳಗೇ ಇತ್ತು, ಐದು ಮೀಟರ್ ಕೇಬಲ್ ಇರಲಿಲ್ಲ. ಆದರೆ ಪ್ರಕೃತಿ ಹುದುಗಿಸಿಟ್ಟ ತಗ್ಗಿನ ಅಗಲವೂ ಸಾಮಾನ್ಯ ತಂತಿಗಳು ಹುಟ್ಟಿಸುವ ತಗ್ಗಿನ ಅಗಲವೂ ಒಂದೇ ಅಳತೆಯವು ಎಂಬುದನ್ನು ಗಮನಿಸಿ. ಇದಕ್ಕಿಂತ ಕೆಟ್ಟ ಕಾಕತಾಳೀಯವನ್ನು ನಾನು ಕಂಡಿಲ್ಲ.

ಒಮ್ಮೆ ನಾನೂ ಇಂಥದ್ದೇ ಒಂದು ಏರಿಳಿತದ ಹಿಂದೆ ಮೂರು ವಾರ ಅಲೆದೆ. ಫಿಲ್ಟರ್ ಬದಲಿಸಿದೆ, ಆಂಪ್ಲಿಫೈಯರ್ ಬದಲಿಸಿದೆ, ವಿದ್ಯುತ್ ಪೂರೈಕೆಯನ್ನೂ ಬದಲಿಸಿದೆ. ಕೊನೆಗೆ ನೋಡಿದರೆ ಒಂದು ಕನೆಕ್ಟರ್ ಕಾಲು ಸುತ್ತು ಸಡಿಲವಿತ್ತು. ಬಿಗಿ ಮಾಡಿದವಳೂ ನಾನೇ, ಸಡಿಲ ಬಿಟ್ಟವಳೂ ನಾನೇ.

ಈಗ ನಿಮ್ಮ ನಾಲ್ಕು ನಿಮಿಷದ ಪರೀಕ್ಷೆಗೆ ಬನ್ನಿ. ಬಹಳ ಒಳ್ಳೆಯ ಪರೀಕ್ಷೆ ಅದು. ನಿಮ್ಮ ಉಬ್ಬು ಆಕಾಶದೊಂದಿಗೆ ತಿರುಗಿತು, ಸೂಜಿ ತಿರುಗಲಿಲ್ಲ. ಆ ಒಂದೇ ವ್ಯತ್ಯಾಸದಿಂದ ನಿಜ ಯಾವುದು, ಸುಳ್ಳು ಯಾವುದು ಎಂದು ತೀರ್ಮಾನವಾಯಿತು. 78ರಲ್ಲಿ ಈ ದಾರಿ ಮುಚ್ಚಿದೆ. ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ ಆಕಾಶದ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಸಮ ಇದೆ, ಅದು ಉದಯಿಸುವುದೂ ಇಲ್ಲ ಮುಳುಗುವುದೂ ಇಲ್ಲ. ಉದಯಿಸಿ ಮುಳುಗುವುದು ನಮ್ಮ ಗೆಲಾಕ್ಸಿ. ಕದಲದೆ ಉಳಿಯುವವು ಎರಡು: ಹೈಡ್ರೋಜನ್ ಮತ್ತು ನಿಮ್ಮ ಉಪಕರಣದ ದೋಷ. ಎರಡಕ್ಕೂ ನಡತೆ ಒಂದೇ.

ಹಾಗಾಗಿ ಯಾರನ್ನು ನಂಬಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ: ಇಬ್ಬರೂ ಆಂಟೆನಾದ ಕೆಳಗೆ ಏನು ಹಾಸಿದ್ದರು ಎಂದು ನೋಡಿ.

2018ರ ಮಾರ್ಚ್‌ನಲ್ಲಿ ಪ್ರಕಟವಾದದ್ದು ಎಡ್ಜಸ್ ಪ್ರಯೋಗ, ಜಡ್ ಬೋಮನ್ ಅವರ ತಂಡದ್ದು. ಪಶ್ಚಿಮ ಆಸ್ಟ್ರೇಲಿಯದ ಮರ್ಚಿಸನ್‌ನ ನಿರ್ಜನ ಬಯಲು, ಅಗಲವಾದ ಎರಡು ಲೋಹದ ಹಲಗೆಗಳ ಆಂಟೆನಾ, ಅದರ ಕೆಳಗೆ 30 ಮೀಟರ್ ಉದ್ದಗಲದ ಲೋಹದ ಬಲೆ. ಅವರು ಅವಸರದವರಲ್ಲ. ಎರಡನೆಯ ಆಂಟೆನಾ ನೆಟ್ಟರು, ದಿಕ್ಕು ತಿರುಗಿಸಿದರು, ಚಿಕ್ಕ ಬಲೆ ಹಾಸಿಯೂ ನೋಡಿದರು. ತಗ್ಗು ಹೋಗಲಿಲ್ಲ. ಆದರೂ ಬಲೆಯೇ ಒಂದು ಆಂಟೆನಾದಂತೆ ಅನುರಣಿಸಿ ಇಂಥ ತಗ್ಗನ್ನು ಮೂಡಿಸಬಹುದು ಎಂದು 2019ರಲ್ಲಿ ಬೇರೊಂದು ಗುಂಪು ತೋರಿಸಿತು. ಬಲೆಯ ಕೆಳಗೆ ಮಣ್ಣಿದೆ, ಮಣ್ಣಿನ ಕೆಳಗೆ ತೇವದ ಪದರ, ಅದರ ಕೆಳಗೆ ಬಂಡೆ. ಪ್ರತಿ ಪದರವೂ ಅಷ್ಟಿಷ್ಟು ಅಲೆಯನ್ನು ಮೇಲಕ್ಕೆ ಕಳುಹಿಸುತ್ತದೆ. ನೆಲವೂ ಒಂದು ಸಡಿಲ ಕನೆಕ್ಟರ್ ಎಂದೇ ನನ್ನ ಲೆಕ್ಕ.

ರಾಮನ್ ಸಂಶೋಧನಾ ಸಂಸ್ಥೆಯ ಸರಸ್ ತಂಡ ಮಾಡಿದ ಕೆಲಸವನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಅವರು ನೆಲವನ್ನೇ ಬಿಟ್ಟರು. ಶಂಕು ಮತ್ತು ತಟ್ಟೆಯ ಆಕಾರದ ಆಂಟೆನಾವನ್ನು ತೆಪ್ಪದ ಮೇಲಿಟ್ಟು 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿಯ ಹಿನ್ನೀರಿನಲ್ಲಿ ತೇಲಿಸಿದರು. ನೀರಿಗೆ ಪದರಗಳಿಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೇ ಗುಣ, ಹಾಗಾಗಿ ಆಂಟೆನಾದ ನಡತೆ ಆವರ್ತನದೊಂದಿಗೆ ನಯವಾಗಿ ಬದಲಾಗುತ್ತದೆ, ಎಲ್ಲೂ ಡೊಂಕು ಬೀಳುವುದಿಲ್ಲ. ಸಂಕೇತ ತೀರಕ್ಕೆ ಬಂದದ್ದು ಲೋಹದ ಕೇಬಲ್ಲಿನಲ್ಲಲ್ಲ, ಆಪ್ಟಿಕಲ್ ಫೈಬರಿನಲ್ಲಿ. 2022ರ ಫೆಬ್ರುವರಿಯಲ್ಲಿ ಸೌರಭ್ ಸಿಂಗ್ ಮತ್ತು ಸಂಗಡಿಗರು ಪ್ರಕಟಿಸಿದರು: ಎಡ್ಜಸ್ ಹೇಳಿದ ಆಕಾರದ ತಗ್ಗು ತಮ್ಮ ದತ್ತಾಂಶದಲ್ಲಿಲ್ಲ, 95.3 ಶೇಕಡ ವಿಶ್ವಾಸದೊಂದಿಗೆ ಅದನ್ನು ತಳ್ಳಿಹಾಕಬಹುದು.

95.3 ಎಂದರೆ ಇಪ್ಪತ್ತಕ್ಕೆ ಸುಮಾರು ಒಂದು ಸಲ ಎಡವುವ ಸಾಧ್ಯತೆ ಉಳಿದಿದೆ. ಮೊಕದ್ದಮೆ ಮುಗಿಯಿತೆಂದು ನಾನು ಹೇಳಲಾರೆ. ಆದರೆ ಪಂದ್ಯ ಕಟ್ಟಬೇಕಾದರೆ ನೀರಿನ ಮೇಲೆ ಕಟ್ಟುತ್ತೇನೆ. ಇನ್ನೊಂದು ವಿಷಯ, ಅವರು ತಳ್ಳಿಹಾಕಿದ್ದು ಆ ನಿರ್ದಿಷ್ಟ ತಗ್ಗನ್ನು. ಹೈಡ್ರೋಜನ್ನಿನ ತಗ್ಗೇ ಇಲ್ಲ ಎಂದು ಅವರು ಹೇಳಿಲ್ಲ. ಪತ್ರಿಕೆಗಳಲ್ಲಿ ಎರಡನ್ನೂ ಒಂದೇ ಮಾಡಿ ಬರೆದದ್ದನ್ನು ಓದಿ ನನಗೆ ತಲೆಬಿಸಿಯಾಗಿತ್ತು.

ಉಬ್ಬು ಏಕೆ ತಗ್ಗಾಯಿತು ಎಂಬುದನ್ನು ಬೇರೆಯವರು ಹೇಳಲಿ, ನನ್ನದು ಬೆಂಚು.

ಶೇಷ:

ಆ ಭಾಗ ನಾನು ಹೇಳುತ್ತೇನೆ.

ಹೈಡ್ರೋಜನ್ ಪರಮಾಣುವಿನಲ್ಲಿ ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳ ಸ್ಪಿನ್ (ಬುಗುರಿಯ ತಿರುಗಾಟದಂಥ ಗುಣ) ಒಂದೇ ಕಡೆಗಿದ್ದರೆ ಶಕ್ತಿ ಒಂದು ಕೂದಲಷ್ಟು ಹೆಚ್ಚು, ಎದುರುಬದುರಿದ್ದರೆ ಕಡಿಮೆ. ಮೇಲಿನಿಂದ ಕೆಳಗಿಳಿದರೆ 21 ಸೆಂಟಿಮೀಟರಿನ ಅಲೆ ಹೊರಡುತ್ತದೆ. ತಾನಾಗಿ ಇಳಿಯಲು ಒಂದು ಪರಮಾಣು ಸರಾಸರಿ ಒಂದು ಕೋಟಿ ವರ್ಷಕ್ಕಿಂತ ಹೆಚ್ಚು ಕಾಲ ಕಾಯುತ್ತದೆ. ಇಷ್ಟು ಸೋಮಾರಿ ಅಲೆಯೂ ಕಾಣಬಹುದೆಂದು 1944ರಲ್ಲಿ ಲೈಡನ್‌ನಲ್ಲಿ ವಾನ್ ಡ ಹುಲ್ಸ್ಟ್ ಲೆಕ್ಕ ಹಾಕಿ ಹೇಳಿದರು. 1951ರ ಮಾರ್ಚ್ 25ರಂದು ಹಾರ್ವರ್ಡ್‌ನಲ್ಲಿ ಯೂವೆನ್ ಮತ್ತು ಪರ್ಸೆಲ್ ಅದನ್ನು ಹಿಡಿದರು. (ತಗಡಿನ ಕಿವಿ ಅವರೇ, ಅವರದೂ ಹಾರ್ನ್. ಪ್ರಯೋಗಾಲಯದ ಕಿಟಕಿಯಿಂದ ಹೊರಗೆ ಬಾಯಿ ತೆರೆದಿತ್ತು. ಜೋರು ಮಳೆ ಬಂದಾಗ ನೀರು ಅದರ ಮೂಲಕ ಒಳಗೆ ಸುರಿಯುತ್ತಿತ್ತಂತೆ, ವಿದ್ಯಾರ್ಥಿಗಳು ಹಿಮದುಂಡೆ ಎಸೆಯುತ್ತಿದ್ದರಂತೆ.)

ಈ ಹೈಡ್ರೋಜನ್ನಿನ ಹಿಂದೆ ಯಾವಾಗಲೂ ಒಂದು ದೀಪವಿದೆ, ಮಹಾಸ್ಫೋಟದ ಹಿನ್ನೆಲೆ ವಿಕಿರಣ. ಹೈಡ್ರೋಜನ್ನಿನ ಸ್ಪಿನ್‌ಗಳ ತಾಪಮಾನ (ಎಷ್ಟು ಪಾಲು ಪರಮಾಣುಗಳು ಮೇಲಿನ ಸ್ಥಿತಿಯಲ್ಲಿವೆ ಎಂಬುದರ ಅಳತೆ) ಆ ದೀಪಕ್ಕಿಂತ ಹೆಚ್ಚಿದ್ದರೆ ಉಬ್ಬು, ಕಡಿಮೆಯಿದ್ದರೆ ತಗ್ಗು, ಸಮನಿದ್ದರೆ ಏನೂ ಕಾಣದು. ಇಂದಿನ ಕ್ಷೀರಪಥದ ಅನಿಲ 2.7 ಕೆಲ್ವಿನ್ ಹಿನ್ನೆಲೆಗಿಂತ ಬಹಳ ಬಿಸಿ, ಹಾಗಾಗಿ ನಿಮಗೆ ಉಬ್ಬು. 78 ಮೆಗಾಹರ್ಟ್ಸ್ ಎಂದರೆ ಕೆಂಪು ಪಲ್ಲಟ ಸುಮಾರು 17 (ಅಲೆ ಎಷ್ಟು ಪಟ್ಟು ಹಿಗ್ಗಿತೋ ಅದರಲ್ಲಿ ಒಂದು ಕಳೆದರೆ ಬರುವ ಸಂಖ್ಯೆ, ಹೆಚ್ಚಿದಷ್ಟೂ ಹಳೆಯ ಕಾಲ), ಆಗ ಹಿನ್ನೆಲೆ 49 ಕೆಲ್ವಿನ್. ಅನಿಲವೋ ಅದಕ್ಕಿಂತ ವೇಗವಾಗಿ ತಣ್ಣಗಾಗುತ್ತಾ ಬಂದು 7 ಕೆಲ್ವಿನ್ ಹತ್ತಿರ ಇಳಿದಿತ್ತು. ಆದರೆ ಸ್ಪಿನ್‌ಗಳು ಅನಿಲದ ಮಾತು ಕೇಳದೆ ಹಿನ್ನೆಲೆಯೊಂದಿಗೇ ಹೊಂದಿಕೊಂಡಿದ್ದವು. ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಅವುಗಳ ಅತಿನೇರಳೆ ಬೆಳಕು ಸ್ಪಿನ್‌ಗಳನ್ನು ಅನಿಲದ ತಾಪಕ್ಕೆ ಎಳೆದು ತಂದಿತು. ತಕ್ಷಣ ಹೈಡ್ರೋಜನ್ ಹಿನ್ನೆಲೆಯಿಂದ ಹೀರತೊಡಗಿತು, ತಗ್ಗು ಬಿತ್ತು. ಆಮೇಲೆ ಎಕ್ಸ್ ಕಿರಣಗಳು ಅನಿಲವನ್ನು ಕಾಯಿಸಿದಾಗ ತಗ್ಗು ತುಂಬಿಕೊಂಡಿತು. ಆ ನಕ್ಷತ್ರಗಳನ್ನು ಒಂದೊಂದಾಗಿ ನೋಡಲು ಯಾವ ದೂರದರ್ಶಕಕ್ಕೂ ಸಾಧ್ಯವಿಲ್ಲ, ಆದರೆ ಅವು ಹೊತ್ತಿದ ಹೊತ್ತು ಈ ತಗ್ಗಿನ ಎಡಗಡೆಯ ಅಂಚಿನಲ್ಲಿ ಬರೆದಿದೆ.

ಗಣಿತದ ಪ್ರಕಾರ ಆ ತಗ್ಗು ಹೆಚ್ಚೆಂದರೆ 0.2 ಕೆಲ್ವಿನ್ ಚಿಲ್ಲರೆ ಇರಬೇಕು. ಎಡ್ಜಸ್ ಹೇಳಿದ್ದು 0.5. ಆದ್ದರಿಂದಲೇ ಅಷ್ಟು ಗಲಾಟೆಯಾದದ್ದು. ಕತ್ತಲ ದ್ರವ್ಯಕ್ಕೆ (ಡಾರ್ಕ್ ಮ್ಯಾಟರ್) ತಗುಲಿ ಅನಿಲ ಇನ್ನಷ್ಟು ತಣ್ಣಗಾಗಿರಬೇಕೆಂದು ಕೆಲವರು, ಹಿನ್ನೆಲೆಯೇ ಹೆಚ್ಚು ಪ್ರಕಾಶವಾಗಿತ್ತೆಂದು ಕೆಲವರು.

ನನಗೆ ಕುತೂಹಲ ಹುಟ್ಟಿದ್ದು ಬೇರೆ ಕಡೆ. ಹೆಸರಿಗೆ ತಕ್ಕಂತೆ ನನಗೆ ಶೇಷದ ಮೇಲೆಯೇ ಕಣ್ಣು. ಗೆಲಾಕ್ಸಿಯ ಗದ್ದಲ ಆವರ್ತನ ಹೆಚ್ಚಿದಂತೆ ನಯವಾಗಿ ಇಳಿಯುವ ಗೆರೆ. ಅದಕ್ಕೆ ಐದು ಪದಗಳ ಒಂದು ಬಹುಪದಿ (ಪಾಲಿನಾಮಿಯಲ್, ಪದ ಹೆಚ್ಚಿದಷ್ಟೂ ಹೆಚ್ಚು ಬಾಗಬಲ್ಲ ಗೆರೆ) ಹೊಂದಿಸಿ ಕಳೆದರೆ, ಉಳಿದದ್ದೇ ಹೈಡ್ರೋಜನ್ ಎಂಬ ಆಸೆ. 2018ರಲ್ಲೇ ರಿಚರ್ಡ್ ಹಿಲ್ಸ್ ಮತ್ತು ಸಂಗಡಿಗರು ಎಡ್ಜಸ್ ದತ್ತಾಂಶವನ್ನು ಮತ್ತೆ ಜಾಲಾಡಿ, 12.5 ಮೆಗಾಹರ್ಟ್ಸ್ ಸುತ್ತಿನ ಒಂದು ಏರಿಳಿತ ಅದರಲ್ಲಿದ್ದಿರಬಹುದು ಎಂದು ತೋರಿಸಿದರು. ನಾನು ಕಂಪ್ಯೂಟರಿನಲ್ಲಿ ಒಂದು ಸುಳ್ಳು ಆಕಾಶ ಮಾಡಿದೆ. ಹೈಡ್ರೋಜನ್ ಹಾಕಲಿಲ್ಲ, ಸಣ್ಣ ಏರಿಳಿತವೊಂದನ್ನು ಬೆರೆಸಿದೆ. ತಗ್ಗು ಹುಡುಕು ಎಂದೆ. ಹುಡುಕಿಕೊಟ್ಟಿತು, ಅದೂ ಅಂದವಾದದ್ದನ್ನು. ಆಮೇಲೆ ಉಲ್ಟಾ ಮಾಡಿದೆ: ನಿಜವಾದ ತಗ್ಗು ಹಾಕಿ, ಏರಿಳಿತ ತೆಗೆದು, ಬಹುಪದಿಯ ಪದಗಳನ್ನು ಐದರಿಂದ ಏಳಕ್ಕೆ ಏರಿಸಿದೆ. ಬಹುಪದಿ ಬಾಗಿಬಳುಕಿ ತಗ್ಗಿನ ಬಹುಪಾಲನ್ನು ನುಂಗಿಬಿಟ್ಟಿತು. ಐದು ಪದ ಹಾಕಿದರೆ ಇಲ್ಲದ್ದು ಕಾಣುತ್ತದೆ, ಏಳು ಹಾಕಿದರೆ ಇರುವುದು ಮಾಯವಾಗುತ್ತದೆ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ತಗಡಿನ ಕಿವಿ:

ಇಬ್ಬರಿಗೂ ದೊಡ್ಡ ನಮಸ್ಕಾರ. ಕೇಬಲ್ಲಿನ ಲೆಕ್ಕ ಓದಿ ನನ್ನ ಸೂಜಿಯ ನೆನಪಾಗಿ ನಾಚಿಕೆಯಾಯಿತು, ಸ್ವಲ್ಪ ಸಮಾಧಾನವೂ ಆಯಿತು.

ಇನ್ನೊಂದು ಸಂಶಯ. ಸರಾಸರಿ ತಗ್ಗನ್ನು ಬಿಟ್ಟು, ಹೈಡ್ರೋಜನ್ ಎಲ್ಲಿ ದಟ್ಟ, ಎಲ್ಲಿ ವಿರಳ ಎಂದು ನಕ್ಷೆ ಬಿಡಿಸಿದರೆ ಈ ತೊಂದರೆ ತಪ್ಪುವುದಿಲ್ಲವೇ? ಆಗ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ಅಂದರೆ ನಾಲ್ಕು ನಿಮಿಷದ ಪರೀಕ್ಷೆ ಮತ್ತೆ ಕೈಗೆ ಬರುತ್ತದೆ. ದೊಡ್ಡ ದೂರದರ್ಶಕಗಳ ಸಾಲುಗಳು ಇವೆಯಲ್ಲ?

ಐವತ್ತು ಓಮ್:

ಕೇಳಬೇಕಾದದ್ದನ್ನೇ ಕೇಳಿದಿರಿ. ಹೌದು, ಅಲ್ಲಿ ಆಕಾಶ ತಿರುಗುವುದು ನೆರವಿಗೆ ಬರುತ್ತದೆ, ಎರಡೆರಡು ಆಂಟೆನಾಗಳ ಸಂಕೇತವನ್ನು ಜೋಡಿಯಾಗಿ ಹೋಲಿಸುವ ಲೆಕ್ಕದಲ್ಲಿ ಒಂದೇ ಆಂಟೆನಾದ ದೋಷ ಬಹುಪಾಲು ಕಳೆದುಹೋಗುತ್ತದೆ. ಆದರೆ ಅಲ್ಲಿ ಸಂಕೇತ 0.5 ಅಲ್ಲ, 0.2 ಅಲ್ಲ, ಕೆಲ್ವಿನ್‌ನ ನೂರನೆಯ ಒಂದು ಭಾಗದಷ್ಟು. ಹದಿನೇಳು ನಿಮಿಷದ ಮಾತು ಮರೆತುಬಿಡಿ, ಸಾವಿರ ಗಂಟೆಗಳ ಮಾತಾಡಬೇಕು. ದೊಡ್ಡ ಆಂಟೆನಾ ಬೇಕೆಂಬ ಬೆಳ್ಳಿಚುಕ್ಕಿಯವರ ಮಾತು ಇಲ್ಲಿ ಸರಿಯಾಗುತ್ತದೆ. ಅವರಲ್ಲಿ ಕ್ಷಮೆ ಕೇಳುತ್ತೇನೆ.

ಪುಣೆಯ ಉತ್ತರಕ್ಕೆ ಖೊಡದದಲ್ಲಿರುವ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕದಲ್ಲಿ 45 ಮೀಟರ್ ವ್ಯಾಸದ 30 ತಟ್ಟೆಗಳಿವೆ. ಗೋವಿಂದ ಸ್ವರೂಪ್ ಅವರು ಅದನ್ನು ಯೋಜಿಸಿದಾಗ ಮನಸ್ಸಿನಲ್ಲಿದ್ದ ಗುರಿಗಳಲ್ಲಿ ಒಂದು ಆದಿಕಾಲದ ಹೈಡ್ರೋಜನ್ನಿನ ಮೋಡಗಳನ್ನು ಹಿಡಿಯುವುದು. ಅದೇ ದೂರದರ್ಶಕದಿಂದ ಕೆಂಪು ಪಲ್ಲಟ 8.6ರ ಹೈಡ್ರೋಜನ್ ಹುಡುಕಿದ ತಂಡವೊಂದು 2011ರಲ್ಲಿ, ಏರುಪೇರು 70 ಮಿಲಿಕೆಲ್ವಿನ್‌ಗಿಂತ ಹೆಚ್ಚಿರಲಾರದು ಎಂದು ಮಿತಿ ಹೇಳಿತು. 2013ರಲ್ಲಿ ಅದೇ ತಂಡ ಅದನ್ನು 248ಕ್ಕೆ ಏರಿಸಿತು. ಏಕೆ? ಗೆಲಾಕ್ಸಿಯ ಗದ್ದಲವನ್ನು ಉಜ್ಜಿ ತೆಗೆಯುವಾಗ ಹೈಡ್ರೋಜನ್ನನ್ನೂ ಎಷ್ಟು ಉಜ್ಜಿದೆವು ಎಂಬ ಲೆಕ್ಕ ಮೊದಲ ಸಲ ಸೇರಿರಲಿಲ್ಲ. ಶೇಷ ಅವರ ಏಳು ಪದಗಳ ಕಥೆಯೇ. ತಮ್ಮದೇ ಫಲಿತಾಂಶವನ್ನು ಮೂರೂವರೆ ಪಟ್ಟು ಕೆಡಿಸಿಕೊಂಡು ಪ್ರಕಟಿಸಿದವರ ಮೇಲೆ ನನಗೆ ಬಹಳ ಗೌರವ.

ಜಿಎಂಆರ್‌ಟಿ ಹತ್ತಿರದ ಹೈಡ್ರೋಜನ್ನಿನಲ್ಲಿ ಗೆದ್ದಿದೆ. 2020ರಲ್ಲಿ 7,653 ಗೆಲಾಕ್ಸಿಗಳ ಸಂಕೇತವನ್ನು ಒಂದರ ಮೇಲೊಂದು ಪೇರಿಸಿ, ಕೆಂಪು ಪಲ್ಲಟ 1ರ ಸುತ್ತಿನ ಗೆಲಾಕ್ಸಿಗಳಲ್ಲಿ ಸರಾಸರಿ ಎಷ್ಟು ಹೈಡ್ರೋಜನ್ ಇತ್ತೆಂದು ಅಳೆದರು. ಒಂದೊಂದನ್ನೇ ನೋಡಿದರೆ ಏನೂ ಕಾಣುತ್ತಿರಲಿಲ್ಲ.

ದಕ್ಷಿಣ ಆಫ್ರಿಕದ ಕರೂ ಬಯಲಿನ ಹೆರಾ ರೇಡಿಯೋ ದೂರದರ್ಶಕ ನನಗೆ ಅಚ್ಚುಮೆಚ್ಚು. 14 ಮೀಟರಿನ 350 ತಟ್ಟೆಗಳ ಯೋಜನೆ ಅದು, ಮರದ ಕಂಬ, ಪಿವಿಸಿ ಕೊಳವೆ, ತಂತಿ ಬಲೆಯಿಂದ ಕಟ್ಟಿದ್ದು, ಯಾವುದೂ ಅಲುಗಾಡುವುದಿಲ್ಲ. ಎಲ್ಲ ಬಾಯಿ ಮೇಲೆ ಮಾಡಿ ಮಲಗಿವೆ, ಭೂಮಿ ತಿರುಗಿದಂತೆ ಆಕಾಶ ತಾನಾಗಿ ಮೇಲಿಂದ ಹಾದುಹೋಗುತ್ತದೆ. ಅಲುಗದ ವಸ್ತುವನ್ನು ಅರಿಯುವುದು ಸುಲಭ. ನಿಮ್ಮ ಹಾರ್ನ್ ಕೂಡ ಹಾಗೆಯೇ ಅಲ್ಲವೇ? ಅವರೂ ಇನ್ನೂ ಹೈಡ್ರೋಜನ್ ಕಂಡಿಲ್ಲ. ಆದರೆ 94 ರಾತ್ರಿಗಳ ದತ್ತಾಂಶದಲ್ಲಿ ಏನೂ ಕಾಣದಿದ್ದುದರಿಂದಲೇ ಒಂದು ವಿಷಯ ಸಿಕ್ಕಿತು: ಅನಿಲ ಅಷ್ಟು ಹೊತ್ತಿಗೂ ಬಿಸಿಯಾಗದೆ ತಣ್ಣಗೇ ಉಳಿದಿದ್ದರೆ ಏರುಪೇರು ಇನ್ನೂ ದೊಡ್ಡದಿರಬೇಕಿತ್ತು. ಅಂದರೆ ಕೆಂಪು ಪಲ್ಲಟ 8ರ ಹೊತ್ತಿಗೆ ಅನಿಲ ಆಗಲೇ ಬೆಚ್ಚಗಾಗಿತ್ತು.

ಮುಂದಿನದು ಎಸ್‌ಕೆಎ, ಹಲವು ದೇಶಗಳು ಸೇರಿ ಕಟ್ಟುತ್ತಿರುವ ರೇಡಿಯೋ ದೂರದರ್ಶಕ. ಅದರ ಕೆಳ ಆವರ್ತನದ ಭಾಗ ಪಶ್ಚಿಮ ಆಸ್ಟ್ರೇಲಿಯದಲ್ಲಿ ಏಳುತ್ತಿದೆ: 1,31,072 ಆಂಟೆನಾಗಳು, 50ರಿಂದ 350 ಮೆಗಾಹರ್ಟ್ಸ್. ಅಷ್ಟೊಂದು ಕನೆಕ್ಟರ್‌ಗಳನ್ನು ಬಿಗಿ ಮಾಡುವವರ ಪಾಡು ನೆನೆದರೆ ನನ್ನ ಬೆರಳು ನೋಯುತ್ತದೆ.

ಬೆಳ್ಳಿಚುಕ್ಕಿ:

ಕ್ಷಮೆ ಸ್ವೀಕರಿಸಿದೆ! ಚಂದ್ರನ ಹಿಂಬದಿಗೆ ಹೋದರೆ ನೆಲ, ಎಫ್‌ಎಂ ಎಲ್ಲ ಕಾಟವೂ ತಪ್ಪುತ್ತದೆಯಲ್ಲವೇ?

ಶೇಷ:

ಎಫ್‌ಎಂ ತಪ್ಪುತ್ತದೆ, ಅದು ಸಣ್ಣ ಲಾಭವಲ್ಲ. 88ರಿಂದ 108 ಎಂದರೆ ಕೆಂಪು ಪಲ್ಲಟ 15ರಿಂದ 12, ಮೊದಲ ಗೆಲಾಕ್ಸಿಗಳು ಬೆಳೆಯುತ್ತಿದ್ದ ಕಾಲ. ಆ ಪುಟದ ಮೇಲೆ ನಾವು ಹಾಡು ಮತ್ತು ಜಾಹೀರಾತು ಬರೆದುಕೊಂಡಿದ್ದೇವೆ. ವಿಮಾನ, ಉಲ್ಕೆಯ ಬಾಲ ಎಲ್ಲದಕ್ಕೂ ತಾಗಿ ಎಫ್‌ಎಂ ಬಯಲಿಗೂ ಬರುತ್ತದೆ. ಚಂದ್ರ ಅದನ್ನು ಚೆನ್ನಾಗಿ ಮರೆ ಮಾಡುತ್ತಾನೆ. ಭೂಮಿ ಅವನ ಹಿಂದೆ ಸರಿದಾಗ ಗದ್ದಲ ನಿಲ್ಲುವುದನ್ನು 1973ರಲ್ಲಿ ಚಂದ್ರನನ್ನು ಸುತ್ತಿದ ಎಕ್ಸ್‌ಪ್ಲೋರರ್ 49 ತೋರಿಸಿತ್ತು. ಇನ್ನೂ ಹಿಂದಕ್ಕೆ, ನಕ್ಷತ್ರಗಳೇ ಇಲ್ಲದ ಅಂಧಕಾರ ಯುಗಕ್ಕೆ ಹೋಗಬೇಕಾದರೆ ಅಲ್ಲಿಗೆ ಹೋಗುವುದು ಅನಿವಾರ್ಯವೆಂದೇ ಹೇಳಬೇಕು. ಆ ಕಾಲದ ತಗ್ಗು 17 ಮೆಗಾಹರ್ಟ್ಸ್ ಬಳಿ, ಆಳ ಕೇವಲ 0.04 ಕೆಲ್ವಿನ್. ಭೂಮಿಯ ಅಯಾನುಗೋಳ ಅಷ್ಟು ಕೆಳಗೆ ಅಲೆಗಳನ್ನು ಬಾಗಿಸಿ ಹಾಳುಮಾಡುತ್ತದೆ. ರಾಮನ್ ಸಂಸ್ಥೆಯವರು ಚಂದ್ರನ ಕಕ್ಷೆಗೆಂದು ಪ್ರತುಷ್ ಎಂಬ ಉಪಕರಣವನ್ನು ರೂಪಿಸುತ್ತಿದ್ದಾರೆ, ಅದು ನಕ್ಷತ್ರಗಳ ಉದಯಕಾಲಕ್ಕೆ ಸಂಬಂಧಿಸಿದ್ದು. ಆದರೆ ಕನೆಕ್ಟರ್ ಚಂದ್ರನ ಮೇಲೂ ಕನೆಕ್ಟರೇ, ಬಿಗಿ ಮಾಡಲು ಕೈ ಮಾತ್ರ ಇರುವುದಿಲ್ಲ.

ಐವತ್ತು ಓಮ್:

ತಗಡಿನ ಕಿವಿ ಅವರೇ, ಒಂದು ಕೆಲಸ ಮಾಡಿ ನೋಡಿ. ಆಂಟೆನಾ ಬೇಡ. ಡಾಂಗಲ್, ಅದರ ಮುಂದೆ 50ರಿಂದ 88 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಯಾವುದಾದರೂ ಆಂಪ್ಲಿಫೈಯರ್, ಅದರ ಮುಂದೆ ಹತ್ತು ಮೀಟರ್ ಕೇಬಲ್. ಆಚೆ ತುದಿಯನ್ನು ತೆರೆದೇ ಬಿಡಿ, ಆದರೆ ಲೋಹದ ಡಬ್ಬದೊಳಗೆ ಮುಚ್ಚಿಡಿ, ಇಲ್ಲದಿದ್ದರೆ ಎಫ್‌ಎಂ ನುಗ್ಗುತ್ತದೆ. ಡಾಂಗಲ್ ಒಮ್ಮೆಗೆ ಎರಡು ಮೆಗಾಹರ್ಟ್ಸ್ ಚಿಲ್ಲರೆ ಮಾತ್ರ ನೋಡುತ್ತದೆ, ಎರಡೆರಡಾಗಿ ಸರಿದು ತುಂಡುಗಳನ್ನು ಹೊಲಿಯಿರಿ. ಆಮೇಲೆ ಐದು ಮೀಟರ್ ಕೇಬಲ್ ಹಾಕಿ. ಕೊನೆಗೆ ಆ ತುದಿಗೆ, ಬಂದ ಅಲೆಯನ್ನು ಪುಟಿಸದೆ ನುಂಗುವ ಒಂದು 50 ಓಮ್ ಮುಚ್ಚಳ ಸಿಕ್ಕಿಸಿ.

ತಗಡಿನ ಕಿವಿ:

ಎರಡು ವಾರಾಂತ್ಯ ಹಿಡಿಯಿತು. ಮೊದಲ ವಾರಾಂತ್ಯ ಪೂರ್ತಿ ತುಂಡುಗಳನ್ನು ಹೊಲಿಯುವುದರಲ್ಲೇ ಹೋಯಿತು, ಪ್ರತಿ ತುಂಡಿನ ನಡುವೆಯೂ ನನ್ನ ಹಳೆಯ ಸೂಜಿ ನಿಂತಿತ್ತು. ಅದನ್ನು ಕತ್ತರಿಸಲು ಕಲಿತೆ.

ಹತ್ತು ಮೀಟರ್ ಕೇಬಲ್ಲಿಗೆ ಉಬ್ಬಿನಿಂದ ಉಬ್ಬಿಗೆ 10 ಮೆಗಾಹರ್ಟ್ಸ್, ಹೆಚ್ಚುಕಡಿಮೆ ನೀವು ಹೇಳಿದಷ್ಟೇ. ಐದು ಮೀಟರಿಗೆ 20. ಒಂದು ತಗ್ಗು 74ರ ಹತ್ತಿರ ಬಿತ್ತು, ನುಣುಪಾಗಿ, ಅಗಲವಾಗಿ. ಮುಂಚೆಯೇ ತಿಳಿದಿರದಿದ್ದರೆ ಮನೆಯವರನ್ನು ಮತ್ತೆ ಎಬ್ಬಿಸುತ್ತಿದ್ದೆ. 50 ಓಮ್ ಮುಚ್ಚಳ ಹಾಕಿದ ಮೇಲೆ ಗೆರೆ ನೇರವಾಯಿತು ಎಂದುಕೊಂಡೆ. ಗ್ರಾಫಿನ ಅಳತೆಯನ್ನು ಇಪ್ಪತ್ತು ಪಟ್ಟು ಹಿಗ್ಗಿಸಿದೆ. ತಗ್ಗು ಅಲ್ಲೇ ಇದೆ, ಸ್ವಲ್ಪ 71ರ ಕಡೆಗೆ ಜರುಗಿದೆ. ಮುಚ್ಚಳವನ್ನು ಬಿಚ್ಚಿ ಮತ್ತೆ ಬಿಗಿ ಮಾಡಿದೆ, ಈಗ 72.